ಕೆಂಪು ದಾರದ ಹೂವು

"ನಿನ್ನೆ ಸಂಜೆ ಮೊಗ್ಗು ಇಲ್ಲೇ ಇತ್ತಲ್ಲ, ಎಲ್ಲಿ ಹೋಯ್ತು?"

ಕೇಳಿದವಳು ಯಶಸ್ವಿನಿ. ಕೇಳಿಸಿಕೊಳ್ಳಲು ಕವಲೇದುರ್ಗದ ಬುಡದ ಆ ಒದ್ದೆ ಬಂಡೆಯ ಮೇಲೆ ನರಪಿಳ್ಳೆಯೂ ಇರಲಿಲ್ಲ. ಹಾವಸೆಯ ನಡುವೆ ಕಲ್ಲಿಗಂಟಿದ ಎರಡು ಎಲೆ ಇದ್ದವು, ಉಗುರಿನಲ್ಲಿ ಚಿವುಟಿದ ದಂಟು ಇತ್ತು, ಹೂವು ಇರಲಿಲ್ಲ. ಆ ಒಂದು ಮೊಗ್ಗು ಅರಳಲೆಂದು ಅವಳು ಹತ್ತೊಂಬತ್ತು ದಿನ ತೀರ್ಥಹಳ್ಳಿಯಿಂದ ಬಂದು ಹೋಗಿದ್ದಳು. ಎಲೆ ನೋಡಿ ಈ ಆರ್ಕಿಡ್ಡಿನ ಜಾತಿ ಹೇಳುವಂತಿಲ್ಲ. ಇಂಥದೇ ಎಲೆಯ ಜಾತಿಗಳು ಎರಡಿವೆ. ಅರಳಿದ ಹೂವಿನ ಹಿಂದೆ ನೂಲಿನಂಥ ಬಾಲವಿರುತ್ತದೆ. ಅದು ಉದ್ದವಿದ್ದರೆ ಗುಡ್ಡಗುಡ್ಡದಲ್ಲೂ ಸಿಗುವಂಥದ್ದು. ಗಿಡ್ಡವಿದ್ದರೆ ಈ ಸೀಮೆಯಲ್ಲಿ ಯಾರೂ ಗುರುತಿಸದೇ ಉಳಿದದ್ದು, ಅವಳ ನಾಲ್ಕು ವರ್ಷದ ಸಂಶೋಧನೆಗೆ ಕಳಶವಿಟ್ಟಂಥದ್ದು.

ಬಂಡೆಯ ಕೆಳಗೆ ಅಮ್ಮನ ಗುಡಿ. ಗಂಟೆ ಕೇಳಿ ಇಳಿದಳು. ಒದ್ದೆ ಗಂಧ ಮೆತ್ತಿದ ಮೂರ್ತಿಯ ನೆತ್ತಿಯಲ್ಲಿ ಹೂವು ಕೂತಿತ್ತು. ಬಾಲ ಗಂಧದಲ್ಲಿ ಹೂತುಹೋಗಿತ್ತು.

"ಭಟ್ರೆ, ಅದು ನಾನು ಗುರುತು ಮಾಡಿಟ್ಟ ಹೂವು."

"ದಾರ ಕಟ್ಟಿದ್ದು ನೀವಾ?" ಅರ್ಚಕ ಶ್ರೀಕರ ಭಟ್ಟರು ತಿರುಗಿದರು. "ಕೆಂಪು ದಾರ ಕಂಡ್ತು. ಯಾರೋ ಅಮ್ಮಂಗೆ ಮೀಸಲು ಬಿಟ್ಟಿದಾರೆ ಅಂದ್ಕೊಂಡು ಮಡೀಲೇ ಹತ್ತಿ ಕೊಯ್ಕೊಂಡು ಬಂದೆ. ಮೊದಲ ಬಾಳೆಗೊನೆಗೂ ಹಂಗೇ ಕಟ್ಟದಲ್ದಾ?"

ಅಲ್ಲವೆನ್ನುವಂತಿರಲಿಲ್ಲ. ಅವಳ ಅಜ್ಜಿಯೂ ಹಾಗೇ ಕಟ್ಟುತ್ತಿದ್ದಳು.

"ಈಗ ತೆಗೆದುಕೊಡ್ತೀರಾ?"

"ಪ್ರಸಾದ ಕೇಳಿ ಆಗಿದೆ," ಭಟ್ಟರು ಎದುರು ಕುಳಿತ ಹೆಂಗಸಿನತ್ತ ಕಣ್ಣು ತೋರಿಸಿದರು. "ಈ ಹೂವಮ್ಮನೋರು ಕೇಳಿದ್ದು. ಅಮ್ಮನ ಬಲಕ್ಕೆ ಬಿದ್ರೆ ಅಪ್ಪಣೆ ಆಯ್ತು, ಹೂವು ಇವರದ್ದು. ಎಡಕ್ಕೆ ಬಿದ್ರೆ ಇವರು ಮುಟ್ಟದಿಲ್ಲ, ನೀವು ತಗಳಿ. ಅವರೂ ಕಾಯೋದು, ನೀವೂ ಕಾಯೋದು. ಅಮ್ಮಂಗೊಬ್ಬಳಿಗೆ ಅರ್ಜೆಂಟಿಲ್ಲ."

ಹೂವಮ್ಮ ಕೇಳಿದ್ದೇನೆಂದು ಯಶಸ್ವಿನಿ ವಿಚಾರಿಸಲಿಲ್ಲ. ಪಕ್ಕದಲ್ಲಿ ನಿಂತು ತಾನೂ ಕೈ ಮುಗಿದಳು. ಎಡಕ್ಕೆ, ತಾಯಿ, ಎಡಕ್ಕೆ ಎಂದು ಮನಸ್ಸಿನಲ್ಲೇ ಜಪಿಸಿದಳು. ದೀಪದ ಕಾವಿಗೆ ಗಂಧ ಒಣಗುತ್ತ ಬಂತು. ಹೂವು ಎಡಕ್ಕೆ ಒಂದಿಷ್ಟು ವಾಲಿತು, ನಿಂತಿತು. ಆಮೇಲೆ ಯಾರೋ ಕರೆದಂತೆ ಬಲಕ್ಕೆ ಜಾರಿ ಬಿತ್ತು.

ಹೂವಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಯಲ್ಲಿ ಗಂಟು ಹಾಕಿದಳು. ಯಶಸ್ವಿನಿ ಅವಳನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದಳು.

"ಅಮ್ಮಾ, ಆ ಹೂವು ಎರಡು ನಿಮಿಷ ಕೊಡ್ತೀರಾ? ಬಾಲ ಅಳೆದು ವಾಪಸ್ ಕೊಡ್ತೀನಿ. ಯಾವ ಜಾತೀದು ಅಂತ ತಿಳೀಬೇಕು."

"ಹೂವಿಗೂ ಜಾತಿ ಕೇಳ್ತಾರಾ ಮಾರಾಯ್ತಿ?" ಹೂವಮ್ಮ ನಕ್ಕಳು. ನಗು ಬೇಗ ಇಳಿಯಿತು. "ನಾಳೆ ನಮ್ಮನೆಯವ್ರಿಗೆ ಹಾರ್ಟ್ ಆಪರೇಷನ್. ಉಳಿಯೋದು ಅರ್ಧಕ್ಕರ್ಧ ಅಂದಿದಾರೆ ಡಾಕ್ಟ್ರು. ಮಾಡ್ಸದಾ ಬ್ಯಾಡ್ವಾ ಅಂತ ಕೇಳಿದ್ದೆ. ಅವರ ದಿಂಬಿನಡಿಗೆ ಹೋಗೋ ತನಕ ಈ ಗಂಟು ಬಿಚ್ಚೋ ಹಂಗಿಲ್ಲ."

ಯಶಸ್ವಿನಿಯ ಕೈಯಲ್ಲಿದ್ದ ಅಳತೆಪಟ್ಟಿ ಹಾಗೇ ಉಳಿಯಿತು.

"ನೀನೂ ಕೈ ಮುಗಿದು ನಿಂತಿದ್ದೆ, ಕಂಡೆ," ಎಂದಳು ಹೂವಮ್ಮ. "ಗುರ್ತಿಲ್ದವಳು ನಂಗಾಗಿ ಬೇಡ್ಕೊಂಡ್ಯಲ್ಲ. ಅಮ್ಮ ನಿಂಗೆ ಒಳ್ಳೇದು ಮಾಡ್ಲಿ."

ಯಶಸ್ವಿನಿ ತಲೆ ತಗ್ಗಿಸಿದಳು. ತಗ್ಗಿಸಿದಲ್ಲೇ ಸೆರಗಿನ ಗಂಟು ಕಂಡಿತು. ಹಸಿ ಬಟ್ಟೆಯೊಳಗಿಂದ ಬಿಳಿ ಎಸಳಿನ ಒಂದು ಮೊನೆ ಹೊರಗೆ ಇಣುಕುತ್ತಿತ್ತು.

"ಒಂದೇ ನಿಮಿಷ," ಎಂದಿತು ಅವಳ ಬಾಯಿ.

ಹೂವಮ್ಮ ಆ ಮೊನೆಯನ್ನು ಬೆರಳಲ್ಲಿ ಒಳಗೆ ಸೇರಿಸಿ, ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಹೂವಾಗಿದ್ರೆ ಕೊಡ್ತಿದ್ದೆ. ಇದನ್ನ ಕೊಡದಿಲ್ಲ."