ನೇತ್ರಾವತಿ ಮನೆಯೊಳಗೆ ಬಂದ ಮಧ್ಯಾಹ್ನ

ಒದ್ದೆ ಆವೆಮಣ್ಣಿನ ವಾಸನೆ ಬಂದರೆ ಈಗಲೂ ನಾನು ಹೊಳೆಯ ಕಡೆ ತಿರುಗಿ ನೋಡುತ್ತೇನೆ.

ಆ ಮಧ್ಯಾಹ್ನ ನೇತ್ರಾವತಿ ಉಕ್ಕಿ ನಮ್ಮ ಬೋಳಾರದ ಮನೆಯೊಳಗೆ ನುಗ್ಗಿತ್ತು. ಅಜ್ಜಿ ನನ್ನನ್ನು ಭತ್ತದ ಪೆಟ್ಟಿಗೆಯ ಮೇಲೆ ನಿಲ್ಲಿಸಿ, ತಾವು ಸೊಂಟದವರೆಗಿನ ಕೆಂಪು ನೀರಿನಲ್ಲಿ ನಿಂತಿದ್ದರು. ಹಿಂದಿನ ಕೋಣೆಯ ಮಣ್ಣಿನ ಗೋಡೆ ಕುಸಿದ ಸದ್ದಿಗೆ ನಾನು ಕಿರುಚಿಕೊಂಡೆ.

ಹಂಚಿನ ಕಾರ್ಖಾನೆಗೆ ಆವೆಮಣ್ಣು ಸಾಗಿಸುವ ಮೊಯ್ದಿನ್ ಬ್ಯಾರಿ ದೋಣಿಯನ್ನು ಜಗಲಿಗೇ ತಂದರು. ಅದರಲ್ಲಿ ಆಗಲೇ ಜನ ತುಂಬಿದ್ದರು.

“ಒಬ್ಬರಿಗೆ ಮಾತ್ರ ಜಾಗ ಉಂಟು, ಅಮ್ಮ.”

“ಮಗುವನ್ನು ಕರ್ಕೊಂಡು ಹೋಗು,” ಎಂದು ಅಜ್ಜಿ ನನ್ನನ್ನು ಅವರ ಕೈಗೆ ಕೊಟ್ಟುಬಿಟ್ಟರು.

ಗುಡ್ಡದ ಬುಡದಲ್ಲಿ ಇಳಿದ ನಾನು ನೀರನ್ನೇ ನೋಡುತ್ತ, ಅಳಲೂ ಹೆದರಿ ಕುಳಿತೆ. ಎಷ್ಟೋ ಹೊತ್ತಿನ ಮೇಲೆ ದೋಣಿ ಅಜ್ಜಿಯನ್ನು ಕರೆತಂದಿತು.

“ನಿನ್ನ ಮನೆ ಎಂತಾಯ್ತು ಮಾರಾಯ?” ಎಂದು ಅಜ್ಜಿ ಕೇಳಿದರು.

“ಅದು ಬೆಳಿಗ್ಗೆಯೇ ಹೋಯ್ತು ಅಮ್ಮ,” ಎಂದ ಬ್ಯಾರಿ ದೋಣಿಯನ್ನು ಮತ್ತೆ ಹೊಳೆಯತ್ತ ತಿರುಗಿಸಿದರು.