ಏಳನೆಯ ಕಿರಣ

ಏಳನೆಯದು ಮತ್ತೆ ಜಾರಿತ್ತು. ಯಾರೋ ಕೈಯಾಡಿಸುತ್ತಿದ್ದಾರೆ, ಇನ್ನು ಅನುಮಾನವೇ ಇಲ್ಲ ಎಂದುಕೊಂಡಳು ಅವಳು.

ಯಂತ್ರದ ವಿನ್ಯಾಸ ಅವಳದೇ. ದೂರದರ್ಶಕವನ್ನು ಆಕಾಶಕ್ಕೆ ತೋರಿಸುವ ಮುಂಚೆ ಕೋಣೆಯೊಳಗೇ ಪರೀಕ್ಷಿಸಬೇಕು. ಅದಕ್ಕೆ ಒಂದಿಷ್ಟು ಸುಳ್ಳು ನಕ್ಷತ್ರಗಳು ಬೇಕು. ಅವಳ ಪ್ರೊಜೆಕ್ಟರು ಲೇಸರ್ ಬೆಳಕನ್ನು ಏಳು ಕಿರಣಗಳಾಗಿ ಸೀಳಿ, ಒಂದೊಂದನ್ನೂ ಒಂದೊಂದು ಪುಟ್ಟ ಕನ್ನಡಿಯಿಂದ ಬೇಕಾದತ್ತ ತಿರುಗಿಸುತ್ತಿತ್ತು. ತಿರುಗು ಎಂದರೆ ತಿರುಗಬೇಕು, ನಿಲ್ಲು ಎಂದರೆ ನಿಲ್ಲಬೇಕು. ಆರು ಕಿರಣಗಳು ಹೇಳಿದ ಮಾತು ಕೇಳುತ್ತಿದ್ದವು. ಮೇಜಿನ ತುದಿಯಲ್ಲಿದ್ದ ಏಳನೆಯದು ಮಾತ್ರ ದಿನಾ ಮಧ್ಯಾಹ್ನ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತಿತ್ತು. ಕೂದಲೆಳೆ ಎಂದರೇನು ಕಡಿಮೆಯೇ? ನಕ್ಷತ್ರವೇ ಅಲ್ಲಾಡಿದರೆ ದೂರದರ್ಶಕದ ತಪ್ಪು ಹಿಡಿಯುವುದು ಹೇಗೆ?

ಪರೀಕ್ಷಕರು ಬರುವ ದಿನ ಹತ್ತಿರವಾಗಿತ್ತು. ಅಂದೂ ಹೀಗೇ ಜಾರಿದರೆ ಯಂತ್ರ ಗುಜರಿಗೆ, ಇಷ್ಟು ವರ್ಷದ ದುಡಿಮೆ ಮಣ್ಣುಪಾಲು. ಮನೆಯಲ್ಲಿ ದಾರಿ ಕಾಯುವವರಿಲ್ಲದ ಅವಳಿಗೆ ಇದ್ದದ್ದು ಇದೊಂದೇ.

ಮೊದಮೊದಲು ಬಿಸಿಯ ಮೇಲೆ ಗುಮಾನಿ ಬಂತು. ಚೂರು ಬಿಸಿ ತಾಗಿದರೂ ಲೋಹ ಹಿಗ್ಗುತ್ತದೆ, ಕನ್ನಡಿ ಓರೆಯಾಗುತ್ತದೆ. ದೀಪಗಳನ್ನು ತೆಗೆಸಿದಳು. ಕಿಟಕಿಗೆ ಹಲಗೆ ಹೊಡೆಸಿದಳು. ಪಕ್ಕದ ಕೋಣೆಯವರ ಚಹಾದ ಕೆಟಲನ್ನು ಮಹಡಿಯಿಂದಲೇ ಕೆಳಗಿಳಿಸಿದಳು. ಅವರು ಬೆನ್ನ ಹಿಂದೆ ಏನೇನು ಆಡಿಕೊಂಡರೋ ದೇವರಿಗೇ ಗೊತ್ತು. ಕೊನೆಗೆ ಉಳಿದದ್ದು ಪಾಲಿಶ್ ಮಾಮ.

ಆ ಏಳು ಕನ್ನಡಿಗಳನ್ನು ಉಜ್ಜಿ ನುಣುಪು ಮಾಡಿಕೊಟ್ಟವನು ಮಾಮ. ಇಡೀ ಕಟ್ಟಡದಲ್ಲಿ ಅವಳ ಬಾಗಿಲಲ್ಲಿ ತಲೆ ತೂರಿಸಿ, “ಏನಮ್ಮಾ, ಇನ್ನೂ ಬದುಕಿದ್ದೀಯಾ?” ಎಂದು ಕೇಳುತ್ತಿದ್ದ ಒಂದೇ ಒಂದು ಪ್ರಾಣಿ.

“ಮಾಮ, ಬೇಜಾರು ಮಾಡ್ಕೋಬೇಡಿ. ಮನುಷ್ಯ ಸುಮ್ನೆ ಕೂತ್ರೂ ಒಂದು ಬಲ್ಬ್ ಉರಿಸಿದಷ್ಟು ಬಿಸಿ. ಇನ್ಮೇಲೆ ಒಳಗೆ ಬರ್ಬೇಡಿ.”

“ನಾನು ಬಲ್ಬಾ? ನಮ್ಮನೆಯವಳು ಇಷ್ಟು ವರ್ಷ ಟ್ಯೂಬ್‌ಲೈಟ್ ಅಂತಿದ್ಲಲ್ಲಮ್ಮಾ!” ಮಾಮ ಗಹಗಹಿಸಿ ನಕ್ಕ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಅವನು ಬರದಿದ್ದರೂ ಕಿರಣ ಜಾರಿತು. ಅಲ್ಲಿಗೆ ಬಿಸಿಯ ಮಾತು ಮುಗಿಯಿತು. ಉಳಿದದ್ದು ಮನುಷ್ಯನ ಕೈ. ಯಾವ ತಿರುಪನ್ನು ಎಷ್ಟು ಸಡಿಲಿಸಿದರೆ ಕನ್ನಡಿ ಮಧ್ಯಾಹ್ನದ ಹೊತ್ತಿಗೆ ತಾನಾಗಿ ಇಳಿಯುತ್ತದೆ ಎಂಬುದು ಅವಳನ್ನು ಬಿಟ್ಟರೆ ಮಾಮನಿಗೊಬ್ಬನಿಗೇ ಗೊತ್ತು. ಬೆಳಿಗ್ಗೆ ಅವಳು ಬರುವ ಮುಂಚೆ ಬಂದು ಹೋಗುತ್ತಿರಬೇಕು. ಅವಳು ಬೀಗ ಬದಲಾಯಿಸಿದಳು. ಸಂಜೆ ಹೊರಡುವಾಗ ಬಾಗಿಲಿಗೆ ನೂಲು ಅಂಟಿಸಿದಳು. ನೂಲು ಹರಿಯಲಿಲ್ಲ, ಕಿರಣ ಮಾತ್ರ ಜಾರಿತು. ಎಲಾ ಇವನ, ನೂಲನ್ನೂ ಮತ್ತೆ ಅಂಟಿಸಿ ಹೋಗುತ್ತಾನಲ್ಲ ಎಂದು ಹಲ್ಲು ಕಡಿದಳು.

ಕಾವಲು ಬಿಗಿ ಮಾಡಿದಳು. ಕ್ಯಾಂಟೀನಿಗಂತೂ ಅವಳು ಎಂದೂ ಹೋದವಳಲ್ಲ. ಅಲ್ಲಿ ಅವಳ ಎದುರು ಬಂದು ಕೂರುವವರಿರಲಿಲ್ಲ. ಡಬ್ಬಿ ಬಿಚ್ಚುತ್ತಿದ್ದುದು ಇಲ್ಲೇ, ಮೇಜಿನ ತುದಿಯಲ್ಲಿ, ಕುರ್ಚಿ ಹಿಡಿಸುವ ಒಂದೇ ಒಂದು ಜಾಗದಲ್ಲಿ. ಈಗ ಕುರ್ಚಿಯನ್ನು ಇನ್ನಷ್ಟು ಮುಂದೆಳೆದುಕೊಂಡು, ಕನ್ನಡಿಯ ಪಕ್ಕ ಗಲ್ಲ ಊರಿ ಕೂತಳು. “ಇವತ್ತಾದ್ರೂ ಕೂತ ಕಡೆ ಕೂತಿರೇ ಮಹರಾಯ್ತಿ,” ಎಂದು ಗೋಗರೆದಳು. ಮಹರಾಯ್ತಿ ಕಣ್ಣೆದುರೇ ಜಾರಿದಳು, ಎಂದಿಗಿಂತ ಹೆಚ್ಚೇ ಜಾರಿದಳು.

ಅವಳು ಪ್ರಯೋಗಾಲಯದ ಸಾಹೇಬರ ಮುಂದೆ ಹೋಗಿ ಮಾಮನ ಮೇಲಿನ ಅನುಮಾನ ಬಾಯಿ ಬಿಟ್ಟು ಹೇಳಿದಳು.

“ಮಧ್ಯಾಹ್ನ ಒಳಗೆ ಯಾರಿರ್ತಾರೆ?” ಎಂದು ಸಾಹೇಬರು ಕೇಳಿದರು.

“ಯಾರೂ ಇರಲ್ಲ ಸಾರ್.”

“ಸರಿ. ಪರೀಕ್ಷೆ ಮುಗಿಯೋ ತನಕ ಮಾಮ ಈ ಕಟ್ಟಡಕ್ಕೆ ಕಾಲಿಡದ ಹಾಗೆ ನೋಡ್ಕೋತೀನಿ. ಅವತ್ತು ಅದು ಜಾರದಿದ್ರೆ ನಿಮ್ಮ ಮಾತು ನಿಜ. ಮಾಮನ ಕೆಲಸ ಹೋಯ್ತು ಅಂತಲೇ ಲೆಕ್ಕ.”

ಪರೀಕ್ಷಕರು ಬಂದರು. ಎಲ್ಲರೂ ಪಕ್ಕದ ಕೋಣೆಯಲ್ಲಿ ಪರದೆಯ ಮುಂದೆ ಕೂತರು. ಅವಳಿಗೂ ಅಲ್ಲೇ ಕುರ್ಚಿ ಹಾಕಿದರು. ಎರಡು ಚುಕ್ಕಿಗಳನ್ನು ಹತ್ತಿರ ತನ್ನಿ ಎಂದರು, ತಂದಳು. ದೂರ ಮಾಡಿ ಎಂದರು, ಮಾಡಿದಳು. ಮಧ್ಯಾಹ್ನವಾಯಿತು, ಮಧ್ಯಾಹ್ನ ದಾಟಿತು. ಏಳನೆಯದು ಇಟ್ಟ ಕಡೆ ಇಟ್ಟ ಹಾಗೇ ಇತ್ತು. ಪರೀಕ್ಷಕರು ಎದ್ದು ಕೈ ಕುಲುಕಿದರು.

“ನಿಮ್ಮ ಅನುಮಾನವೇ ಸರಿ,” ಎಂದರು ಸಾಹೇಬರು. “ನಾಳೆಯಿಂದ ಮಾಮ ಬರಲ್ಲ ಬಿಡಿ.”

ಗೆದ್ದೆ ಎಂದು ಕುಣಿಯಬೇಕಾದ ಹೊತ್ತು. ಅವಳು ಕುಣಿಯಲಿಲ್ಲ. ಇನ್ನು ಮೇಲೆ “ಬದುಕಿದ್ದೀಯಾ?” ಎಂದು ಕೇಳುವವರೂ ಇಲ್ಲ. ಪರೀಕ್ಷಕರು ಮಾತಾಡಿಕೊಳ್ಳುತ್ತಾ ಊಟಕ್ಕೆ ಹೋದರು; ಬನ್ನಿ ಎಂದು ಅವಳನ್ನು ಕರೆಯುವುದು ಯಾರಿಗೂ ಹೊಳೆಯಲಿಲ್ಲ. ಅವಳು ಯಂತ್ರದ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ತನ್ನ ಕುರ್ಚಿಯಲ್ಲಿ ಕೂತಳು. ಏಳನೆಯ ಕನ್ನಡಿಯ ಹತ್ತಿರ ಬಾಗಿ, “ಮಾನ ಉಳಿಸಿದೆ ಕಣೇ,” ಎಂದಳು. ಆಮೇಲೆ ಮಾಮನ ಸುದ್ದಿ, ಮನೆಯ ಸುದ್ದಿ, ಬಾಯಿಗೆ ಬಂದದ್ದೆಲ್ಲ ಹೇಳಿಕೊಂಡಳು. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ.

ಗೋಡೆಯ ಇಂಟರ್‌ಕಾಮಿನಲ್ಲಿ ಸಾಹೇಬರ ಗಾಬರಿಯ ದನಿ ಕೇಳಿಸಿತು. ಅವರಿನ್ನೂ ಪರದೆಯ ಮುಂದೆಯೇ ಇದ್ದರು.

“ಏಳನೆಯದು ಜಾರ್ತಾ ಇದೆ! ಒಳಗೆ ಯಾರಿದ್ದಾರೆ?”

“ಯಾರೂ ಇಲ್ಲ ಸಾರ್,” ಎಂದಳು ಅವಳು.

“ಮತ್ತೆ ಈ ಮಾತಾಡ್ತಿರೋದು ಯಾರಮ್ಮಾ?”