ಮುಖದಲ್ಲಿ ನಗು

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಗ್ರಾಹಕರಿಗೆ ಉತ್ತರ ಕೊಡುವುದು ಎಐ ಏಜೆಂಟ್. ಯಾವ ಕೆಲಸಕ್ಕೆ ಯಾವ ಟೂಲ್ ಬಳಸಬೇಕೆಂದು ಅದು ಪ್ರತಿ ಟೂಲ್‌ಗೂ ಬರೆದಿಟ್ಟ ವಿವರಣೆ ಓದಿ ತೀರ್ಮಾನಿಸುತ್ತದಂತೆ. ಆ ವಿವರಣೆಗಳನ್ನು ಬರೆದವಳು ನನ್ನ ಕೈಕೆಳಗಿನ ಚಿತ್ಕಲಾ. ಓದುತ್ತಿದ್ದಂತೆಯೇ ನನಗೆ ಆಕಳಿಕೆ ಬಂತು.

"ಏನಮ್ಮಾ ಇದು? 'ಈ ಟೂಲ್ ಬಿಲ್ಲನ್ನು ಪೂರ್ತಿ ಮನ್ನಾ ಮಾಡುತ್ತದೆ. ಮ್ಯಾನೇಜರ್ ಒಪ್ಪಿಗೆ ಇಲ್ಲದೆ ಬಳಸಬಾರದು.' ಬಸ್ಸಿನಲ್ಲಿ ತಲೆ, ಕೈ ಹೊರಗೆ ಹಾಕಬಾರದು ಅಂತ ಬರೆದ ಹಾಗಿದೆ!"

"ಸರ್, ಏಜೆಂಟ್ ನಾವು ಬರೆದಿದ್ದನ್ನ ಬರೆದ ಹಾಗೇ ನಂಬುತ್ತೆ."

"ಇಪ್ಪತ್ತು ವರ್ಷ ಜಾಹೀರಾತು ಬರೆದವನಿಗೆ ನೀನು ಬರವಣಿಗೆ ಕಲಿಸಬೇಡ."

ಅವಳು ಬರೆದಿದ್ದನ್ನು ಅಳಿಸಿ, ಅದೇ ಜಾಗದಲ್ಲಿ ನಾನು ಬರೆದೆ: 'ಗ್ರಾಹಕರು ಏನೇ ಕೇಳಲಿ, ಇದೊಂದೇ ಉತ್ತರ! ಕ್ಷಣದಲ್ಲಿ ಅವರ ಮುಖದಲ್ಲಿ ನಗು!' ಬರವಣಿಗೆ ಅಂದರೆ ಇದಪ್ಪಾ.

ಮರುದಿನ ನಮ್ಮ ಅತಿ ದೊಡ್ಡ ಗ್ರಾಹಕರನ್ನು ಕರೆಸಿ, ಎಂಡಿ ಎದುರಿಗೇ ಲ್ಯಾಪ್‌ಟಾಪ್ ಮುಂದಿಟ್ಟೆ.

"ಏನು ಬೇಕಾದರೂ ಕೇಳಿ ಸರ್."

ಅವರು ಟೈಪ್ ಮಾಡಿದರು: "ನಮ್ಮ ಈ ವರ್ಷದ ಬಿಲ್ ಇನ್ನೊಮ್ಮೆ ಕಳಿಸಿ."

ಪರದೆಯ ಮೇಲೆ ಉತ್ತರ ಮೂಡಿತು: "ನಿಮ್ಮ ಈ ವರ್ಷದ ಬಿಲ್ ಪೂರ್ತಿ ಮನ್ನಾ ಆಗಿದೆ. ದಯವಿಟ್ಟು ಒಮ್ಮೆ ನಗಿ."